ಕೈಗೆ ನೆನಪಿದೆ, ಮೈಗೆ ವಯಸ್ಸಾಗಿದೆ: ನಿವೃತ್ತಿಯ ನಂತರ ಮತ್ತೆ ಕುಂಬಾರಿಕೆ

ನೌಕರಿಯಿಂದ ನಿವೃತ್ತರಾದ ಮೇಲೆ ಮೊದಲ ಎರಡು ಮೂರು ತಿಂಗಳು ಬಹಳಷ್ಟು ಜನರಿಗೆ ಚೆನ್ನಾಗಿಯೇ ಕಳೆಯುತ್ತವೆ. ನೆಂಟರ ಊರು, ಕ್ಷೇತ್ರ ದರ್ಶನ, ಮುಂದೂಡುತ್ತ ಬಂದ ಮನೆಯ ರಿಪೇರಿ, ಪಿಂಚಣಿಯ ಕಾಗದಪತ್ರ ಇವುಗಳಲ್ಲಿ ದಿನ ಹೋದದ್ದೇ ತಿಳಿಯುವುದಿಲ್ಲ. ಕಷ್ಟ ಶುರುವಾಗುವುದು ಅನಂತರ. ಬೆಳಿಗ್ಗೆ ಪತ್ರಿಕೆ ಓದಿ ಮುಗಿಸಿದ ಮೇಲೆ ಊಟದ ಹೊತ್ತಿನವರೆಗೆ ಏನು ಮಾಡಬೇಕೆಂದು ತೋಚುವುದಿಲ್ಲ. ರಾತ್ರಿ ನಿದ್ದೆ ಕಡಿಮೆಯಾಗುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. "ಇನ್ನು ನನ್ನಿಂದ ಯಾರಿಗೇನು ಆಗಬೇಕಾಗಿದೆ?" ಎಂಬ ಮಾತು ಬಾಯಿಗೆ ಬರತೊಡಗುತ್ತದೆ. ಮನೆಯವರು ಇದನ್ನು ವಯಸ್ಸಿನ ಸ್ವಭಾವ ಎಂದು ಬಿಟ್ಟುಬಿಡುತ್ತಾರೆ. ನಿಜವಾಗಿ ನೋಡಿದರೆ, ಮೂವತ್ತು ನಲವತ್ತು ವರ್ಷ ದಿನವೂ ಒಂದು ಕೆಲಸಕ್ಕೆ ಒಗ್ಗಿಕೊಂಡಿದ್ದ ದೇಹ ಮತ್ತು ಮನಸ್ಸು ಇದ್ದಕ್ಕಿದ್ದಂತೆ ಖಾಲಿ ಕುಳಿತಿರುತ್ತವೆ.

ಇಂಥವರಲ್ಲಿ ಕೆಲವರಿಗೆ ಹಿಂದೆ ಬಿಟ್ಟುಬಂದ ಒಂದು ಕೈಕೆಲಸ ಇರುತ್ತದೆ. ನೇಯ್ಗೆ, ಬಡಗಿತನ, ಬುಟ್ಟಿ ಹೆಣೆಯುವುದು, ಕುಂಬಾರಿಕೆ ಹೀಗೆ ಯಾವುದಾದರೂ ಆಗಿರಬಹುದು. ಇಲ್ಲಿ ಕುಂಬಾರಿಕೆಯನ್ನು ತೆಗೆದುಕೊಂಡು, ವಯಸ್ಸಾದ ಮೇಲೆ ಅದಕ್ಕೆ ಮರಳುವುದು ಹೇಗೆ, ಅದರಿಂದ ದೇಹಕ್ಕೆ ಆಗುವ ಒಳಿತೇನು, ಎಚ್ಚರ ವಹಿಸಬೇಕಾದ ಸಂಗತಿಗಳೇನು ಎಂಬುದನ್ನು ತಿಳಿಸಲಾಗಿದೆ. ರೋಗಿಗಳ ಜೊತೆಗೆ ಅವರ ಮನೆಯವರೂ ಇದನ್ನು ಓದಬೇಕೆಂದು ಕೋರುತ್ತೇವೆ.

ಬಿಟ್ಟುಬಂದ ತಿಗರಿ

ನಮ್ಮ ಹಳ್ಳಿಗಳ ಅನೇಕ ಕುಂಬಾರ ಮನೆಗಳಲ್ಲಿ ಒಂದು ತಲೆಮಾರಿನ ಮಕ್ಕಳು ತಿಗರಿ ಬಿಟ್ಟು ಶಾಲೆಗೆ ಹೋದರು. ಅಲ್ಯೂಮಿನಿಯಂ, ಸ್ಟೀಲ್, ನಂತರ ಪ್ಲಾಸ್ಟಿಕ್ ಪಾತ್ರೆಗಳು ಅಗ್ಗವಾಗಿ ಸಿಗತೊಡಗಿದಾಗ ಅಡುಗೆಮನೆಯಿಂದ ಗಡಿಗೆ ಹೋಯಿತು. ನಲ್ಲಿ ಬಂದ ಮೇಲೆ ನೀರಿನ ಕೊಡ ಹೋಯಿತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಯಂತ್ರದ ಹಂಚು ಊರೂರಿಗೂ ತಲುಪಿ ಕೈಹಂಚಿನ ಬೇಡಿಕೆ ಕುಗ್ಗಿತು. ಮುಂದೆ ಸಿಮೆಂಟಿನ ತಾರಸಿ ಬಂದು ಆ ಹಂಚನ್ನೂ ಹಿಂದೆ ಸರಿಸಿತು. ವರ್ಷವಿಡೀ ದುಡಿದರೂ ಹೊಟ್ಟೆ ತುಂಬದ ಕಸುಬನ್ನು ಮಕ್ಕಳಿಗೆ ಕೊಡಲು ತಂದೆ ತಾಯಿಗೆ ಮನಸ್ಸಾಗಲಿಲ್ಲ. "ಈ ಮಣ್ಣು ನಮ್ಮ ಕಾಲಕ್ಕೇ ಮುಗಿಯಲಿ, ನೀನು ಓದು" ಎಂದು ಹೇಳಿ ಕಳುಹಿಸಿದವರೇ ಹೆಚ್ಚು.

ಹಾಗೆ ಓದಿದವರು ಶಿಕ್ಷಕರಾದರು, ಗುಮಾಸ್ತರಾದರು, ಬ್ಯಾಂಕು, ಅಂಚೆ, ಸಾರಿಗೆ ಇಲಾಖೆ ಸೇರಿದರು. ಕೆಲವರು ಕಸುಬಿನ ಹೆಸರು ಹೇಳಿಕೊಳ್ಳಲೂ ಸಂಕೋಚಪಟ್ಟರು. ಆದರೆ ಹತ್ತು ಹನ್ನೆರಡು ವರ್ಷದವರೆಗೆ ಮಣ್ಣು ತುಳಿದ ಕಾಲು, ಹಣತೆ ತಿರುವಿದ ಬೆರಳು ಅವರಲ್ಲಿ ಹಾಗೆಯೇ ಉಳಿದಿವೆ. ಇನ್ನು ಕೆಲವರು ಕುಂಬಾರ ಮನೆಯವರಲ್ಲದಿದ್ದರೂ ಶಾಲೆಯ ಕರಕುಶಲ ತರಗತಿಯಲ್ಲೋ, ನೆರೆಮನೆಯ ಅಂಗಳದಲ್ಲೋ ಮಣ್ಣಿನ ಕೆಲಸ ಕಲಿತು, ಸಂಸಾರದ ಜಂಜಾಟದಲ್ಲಿ ಬಿಟ್ಟವರಿದ್ದಾರೆ.

ಇವರು 60 ದಾಟಿದ ಮೇಲೆ ತಿಗರಿಯ ಮುಂದೆ ಕುಳಿತರೆ ಅದು ಹೊಟ್ಟೆಪಾಡಿನ ಕುಂಬಾರಿಕೆ ಆಗಿರುವುದಿಲ್ಲ. ಸಂತೆಗೆ ಎಷ್ಟು ಮಡಕೆ ಹೋಗಬೇಕೆಂಬ ಲೆಕ್ಕ ಇಲ್ಲ, ಮಳೆಗಾಲಕ್ಕೆ ಮುಂಚೆ ಆವಿಗೆ ಮುಗಿಯಬೇಕೆಂಬ ಆತುರ ಇಲ್ಲ. ತಂದೆ ಬೇಡವೆಂದದ್ದು ಆ ಬಡತನವನ್ನು, ಮಣ್ಣನ್ನಲ್ಲ. ಇದನ್ನು ತಿಳಿದುಕೊಂಡರೆ ಮರಳಿ ಹೋಗಲು ಇರುವ ಸಂಕೋಚ ಅರ್ಧ ಕಡಿಮೆಯಾಗುತ್ತದೆ.

ಕೈ ಹೇಗೆ ನೆನಪಿಟ್ಟುಕೊಳ್ಳುತ್ತದೆ?

"ನಲವತ್ತು ವರ್ಷವಾಯಿತು, ಎಲ್ಲ ಮರೆತುಹೋಗಿದೆ" ಎನ್ನುವವರು ಒಂದು ವಿಷಯ ತಿಳಿಯಬೇಕು. ನಮ್ಮ ಮಿದುಳಿನಲ್ಲಿ ನೆನಪು ಒಂದೇ ಬಗೆಯದಲ್ಲ. ನಿನ್ನೆ ಏನು ಊಟ ಮಾಡಿದೆವು, ಮೊಮ್ಮಗಳ ಶಾಲೆಯ ಹೆಸರೇನು ಎಂಬಂಥ ನೆನಪು ಒಂದು ಬಗೆ. ಸೈಕಲ್ ಹೊಡೆಯುವುದು, ಈಜುವುದು, ರೊಟ್ಟಿ ಬಡಿಯುವುದು, ತಿಗರಿಯ ಮೇಲೆ ಮಣ್ಣು ಎತ್ತುವುದು ಇವುಗಳ ನೆನಪು ಇನ್ನೊಂದು ಬಗೆ. ಈ ಎರಡನೆಯದು ಮಿದುಳಿನ ಬೇರೆ ಭಾಗಗಳನ್ನು, ಮುಖ್ಯವಾಗಿ ಹಿಂಭಾಗದ ಕಿರುಮಿದುಳು ಮತ್ತು ಮಿದುಳಿನ ಆಳದಲ್ಲಿರುವ ಕೆಲವು ನರಗಂಟುಗಳನ್ನು ಅವಲಂಬಿಸಿರುತ್ತದೆ.

ಇದನ್ನು ವೈದ್ಯಲೋಕಕ್ಕೆ ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಅಮೆರಿಕದ ಹೆನ್ರಿ ಮೊಲೈಸನ್ ಎಂಬ ರೋಗಿ. ತೀವ್ರವಾದ ಮೂರ್ಛೆರೋಗಕ್ಕಾಗಿ 1953ರಲ್ಲಿ ಅವರ ಮಿದುಳಿಗೆ ಶಸ್ತ್ರಚಿಕಿತ್ಸೆ ನಡೆಯಿತು. ಅನಂತರ ಹೊಸದಾಗಿ ನಡೆದ ಯಾವ ಘಟನೆಯನ್ನೂ ಅವರು ನೆನಪಿಟ್ಟುಕೊಳ್ಳಲಾರದೆ ಹೋದರು. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಅವರಿಗೆ ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಗೆರೆಗಳ ನಡುವೆ ಪೆನ್ಸಿಲ್ ಓಡಿಸುವ ಕೆಲಸ ಕೊಟ್ಟರು. ಮೂರು ದಿನಗಳಲ್ಲಿ ಅವರ ಕೈ ಚೆನ್ನಾಗಿ ಪಳಗಿತು. ಆದರೆ ಪ್ರತಿದಿನವೂ ಆ ಕೆಲಸ ಅವರಿಗೆ ಹೊಸತೇ ಆಗಿತ್ತು. ಹಿಂದೆ ಮಾಡಿದ್ದೇನೆಂಬ ನೆನಪೇ ಇರಲಿಲ್ಲ. 1962ರಲ್ಲಿ ಪ್ರಕಟವಾದ ಈ ಅಧ್ಯಯನದಿಂದ ಕೈಯ ನೆನಪು ಬೇರೆ, ತಲೆಯ ನೆನಪು ಬೇರೆ ಎಂಬುದು ಗಟ್ಟಿಯಾಯಿತು.

ಆದ್ದರಿಂದ ಚಿಕ್ಕಂದಿನಲ್ಲಿ ಚೆನ್ನಾಗಿ ಕಲಿತ ಕೈಕೆಲಸ ಪೂರ್ತಿ ಅಳಿಸಿಹೋಗುವುದಿಲ್ಲ. ಮೊದಲ ದಿನ ಮಣ್ಣು ನಡುವಿಗೆ ನಿಲ್ಲುವುದಿಲ್ಲ, ಅಂಚು ಓಲಾಡುತ್ತದೆ, ಗೋಡೆ ಕುಸಿಯುತ್ತದೆ. ಕೆಲವು ದಿನ ಬಿಡದೆ ಕುಳಿತರೆ ಹೆಬ್ಬೆರಳು ತನ್ನ ಜಾಗ ತಾನೇ ಹುಡುಕಿಕೊಳ್ಳುತ್ತದೆ. ಹೊಸಬರಿಗೆ ತಿಂಗಳುಗಟ್ಟಲೆ ಹಿಡಿಯುವುದು ಮರಳಿ ಬಂದವರಿಗೆ ಎಷ್ಟೋ ಬೇಗ ಬರುತ್ತದೆ.

ತೊಂದರೆ ಇರುವುದೂ ಇಲ್ಲಿಯೇ. ಕೈ ಹಳೆಯ ವೇಗವನ್ನು ಕೇಳುತ್ತದೆ, ಆದರೆ ಕೀಲು, ಬೆನ್ನು, ಶ್ವಾಸಕೋಶ ಈಗ ಹದಿನೆಂಟರ ಹರೆಯದವಲ್ಲ. ಮರಳಿ ಬಂದವರಿಗೆ ನೋವಾಗುವುದು ಹೆಚ್ಚಾಗಿ ಕೆಲಸ ಬಾರದೆ ಅಲ್ಲ, ಬಂದೇಬಿಟ್ಟಿತು ಎಂದು ಒಂದೇ ದಿನ ನಾಲ್ಕು ತಾಸು ಕುಳಿತದ್ದರಿಂದ.

ಮಣ್ಣು ಹದ ಮಾಡುವಾಗ

ಕೆರೆಯ ಅಂಗಳದ ಜೇಡಿಮಣ್ಣು, ಹಂಚಿನ ಕಾರ್ಖಾನೆಯ ಮಣ್ಣು ಅಥವಾ ಊರಿನ ಕುಂಬಾರರು ಬಳಸುವ ಮಣ್ಣು ಯಾವುದಾದರೂ ಆಗಬಹುದು. ಕೆರೆಯಿಂದ ತರುವುದಾದರೆ ಪಂಚಾಯಿತಿಯವರನ್ನು ಕೇಳಿ ತರುವುದು ಒಳ್ಳೆಯದು. ಮಣ್ಣು ಪರೀಕ್ಷಿಸಲು ಸುಲಭ ದಾರಿ ಹೀಗಿದೆ. ನಾದಿದ ಮಣ್ಣನ್ನು ಪೆನ್ಸಿಲ್ ದಪ್ಪಕ್ಕೆ ಹೊಸೆದು ಬೆರಳಿಗೆ ಸುತ್ತಿ ನೋಡಿ. ಬಿರುಕಿಲ್ಲದೆ ಸುತ್ತಿಕೊಂಡರೆ ಮಣ್ಣಿನಲ್ಲಿ ಸಾಕಷ್ಟು ಜಿಗಿ ಇದೆ. ತುಂಡಾದರೆ ಮರಳು ಹೆಚ್ಚಿದೆ ಎಂದರ್ಥ. ಅತಿಯಾದ ಜಿಗಿಯೂ ಒಳ್ಳೆಯದಲ್ಲ, ಒಣಗುವಾಗ ಬಿರಿಯುತ್ತದೆ. ಅಂಥ ಮಣ್ಣಿಗೆ ಸಣ್ಣ ಮರಳನ್ನೋ ಬೋಕಿಯ ಪುಡಿಯನ್ನೋ ಬೆರೆಸುತ್ತಾರೆ.

ಮಣ್ಣನ್ನು ನೀರಿನಲ್ಲಿ ಕೆಲವು ದಿನ ನೆನೆಹಾಕಿ, ತೆಳುವಾಗಿ ಕಲಸಿ, ಜರಡಿಯಲ್ಲಿ ಸೋಸಿಕೊಳ್ಳಿ. ಕಲ್ಲು, ಬೇರು, ಮುಖ್ಯವಾಗಿ ಸುಣ್ಣಕಲ್ಲಿನ ಚೂರು ಉಳಿಯಬಾರದು. ಸುಣ್ಣಕಲ್ಲು ಬೆಂಕಿಯಲ್ಲಿ ಸುಟ್ಟ ಸುಣ್ಣವಾಗಿ, ಮುಂದೆ ಗಾಳಿಯ ತೇವ ಹೀರಿ ಉಬ್ಬುತ್ತದೆ. ಚೆನ್ನಾಗಿ ಬೆಂದ ಮಡಕೆಯೂ ಕೆಲವು ದಿನ ಕಳೆದು ಅಲ್ಲಲ್ಲಿ ಚಕ್ಕೆ ಏಳುವುದು ಇದರಿಂದಲೇ.

ಹಿಂದಿನಂತೆ ರಾಶಿ ಮಣ್ಣನ್ನು ಕಾಲಿನಿಂದ ತುಳಿಯುವ ಅಗತ್ಯ ಈಗಿಲ್ಲ. ಒಂದು ಸಲಕ್ಕೆ 2 ಕಿಲೋ ಮಣ್ಣು ಸಾಕು. ಸಕ್ಕರೆ ಕಾಯಿಲೆ ಇದ್ದವರು ಬರಿಗಾಲಲ್ಲಿ ಮಣ್ಣು ತುಳಿಯಲೇಬಾರದು. ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಗಾಜಿನ ಚೂರು, ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಸಣ್ಣ ಗಾಯ ದೊಡ್ಡ ಹುಣ್ಣಾಗಿ ಆಸ್ಪತ್ರೆಗೆ ಬಂದು ಸೇರುವವರು ಕಡಿಮೆಯೇನಲ್ಲ. ಮಣ್ಣು ನಾದುವಾಗ ಮೇಜಿನ ಎತ್ತರ ನಿಮ್ಮ ಸೊಂಟದ ಮಟ್ಟಕ್ಕಿಂತ ತುಸು ಕೆಳಗಿರಲಿ. ಆಗ ತೋಳಿನ ಬಲವಲ್ಲದೆ ಮೈಯ ಭಾರವೇ ಕೆಲಸ ಮಾಡುತ್ತದೆ. ಮಣ್ಣಿನ ಚೀಲವನ್ನು ಒಬ್ಬರೇ ಎತ್ತಬೇಡಿ. ಬಕೆಟ್ಟಿನಲ್ಲಿ ಸ್ವಲ್ಪ ಸ್ವಲ್ಪವೇ ಸಾಗಿಸಿ.

ತಿಗರಿಯ ಮುಂದೆ ಕೂರುವಾಗ

ಕೋಲಿನಿಂದ ತಿರುಗಿಸುವ ಹಳೆಯ ತಿಗರಿಗೆ ಕುಕ್ಕರುಗಾಲಿನಲ್ಲಿ ಕೂರಬೇಕು. ಮೊಣಕಾಲು ಸವೆದವರಿಗೆ, ಮೊಣಕಾಲಿನ ಕೀಲು ಬದಲಾಯಿಸಿಕೊಂಡವರಿಗೆ ಇದು ಸಲ್ಲದು. ಅಂಥವರು ಸ್ಟೂಲಿನ ಮೇಲೆ ಕುಳಿತು ಬಳಸಬಹುದಾದ ವಿದ್ಯುತ್ ತಿಗರಿಯನ್ನು ಆರಿಸಿಕೊಳ್ಳಬೇಕು. ಈ ಕೆಳಗಿನ ಸಂಗತಿಗಳನ್ನು ಗಮನದಲ್ಲಿಡಿ.

1. ಸ್ಟೂಲಿನ ಎತ್ತರ ತಿಗರಿಯ ಹಲಗೆಯ ಮಟ್ಟಕ್ಕೆ ಸಮನಾಗಿ ಅಥವಾ ತುಸು ಮೇಲಿರಲಿ. ತಗ್ಗಿನಲ್ಲಿ ಕೂತರೆ ಭುಜ ನೋಯುತ್ತದೆ, ಬಹಳ ಎತ್ತರದಲ್ಲಿ ಕೂತರೆ ಬೆನ್ನು ಬಾಗುತ್ತದೆ.

2. ಮೊಣಕೈಗಳನ್ನು ತೊಡೆಗೆ ಒತ್ತಿ ಆಧಾರ ಕೊಡಿ. ಮಣ್ಣನ್ನು ನಡುವಿಗೆ ತರಲು ಬೇಕಾಗುವುದು ಮಣಿಕಟ್ಟಿನ ಬಲವಲ್ಲ, ಅಲುಗದ ತೋಳು.

3. ಮಣ್ಣು ಒತ್ತುವಾಗ ಅನೇಕರು ತಿಳಿಯದೆ ಉಸಿರು ಬಿಗಿಹಿಡಿಯುತ್ತಾರೆ. ಇದರಿಂದ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಒತ್ತುವಾಗ ನಿಧಾನವಾಗಿ ಉಸಿರು ಬಿಡುವುದನ್ನು ರೂಢಿ ಮಾಡಿಕೊಳ್ಳಿ.

4. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಬೆರಳುಗಳನ್ನು ಅಗಲಿಸಿ ಮುಚ್ಚಿ ಮಾಡಿ. ಮೊದಲ ತಿಂಗಳು ದಿನಕ್ಕೆ ಮುಕ್ಕಾಲು ತಾಸು ಮೀರಬೇಡಿ.

5. ಒದ್ದೆ ಕೈಯಲ್ಲಿ ವಿದ್ಯುತ್ ಸ್ವಿಚ್ ಮುಟ್ಟಬಾರದು. ತಿಗರಿಗೆ ಸರಿಯಾದ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಒಬ್ಬರಿಂದ ಪರೀಕ್ಷೆ ಮಾಡಿಸಿ.

ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಹೆಬ್ಬೆರಳಿನ ಬುಡದ ಕೀಲು ಸವೆಯುವುದು ಸಾಮಾನ್ಯ. ಇಂಥವರಿಗೆ ಗಟ್ಟಿ ಮಣ್ಣು ಶತ್ರು. ಮಣ್ಣನ್ನು ರೊಟ್ಟಿ ಹಿಟ್ಟಿಗಿಂತ ಮೆತ್ತಗೆ ಕಲಸಿ, ಉಗುರುಬೆಚ್ಚಗಿನ ನೀರು ಬಳಸಿ. ಕೆಲಸ ಮುಗಿದ ಎರಡು ತಾಸಿನ ನಂತರವೂ ಕೀಲು ನೋಯುತ್ತಿದ್ದರೆ ಅಂದಿನ ಕೆಲಸ ಹೆಚ್ಚಾಯಿತು ಎಂದು ತಿಳಿಯಿರಿ. ಕೀಲು ಬಾತು ಕೆಂಪಾಗಿ ಬಿಸಿಯಾಗಿರುವ ದಿನಗಳಲ್ಲಿ ತಿಗರಿ ಮುಟ್ಟದಿರುವುದೇ ಸರಿ. ರಾತ್ರಿ ಬೆರಳುಗಳು ಜೋಮು ಹಿಡಿಯುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿರುವ ಸಾಧ್ಯತೆ ಇದೆ, ವೈದ್ಯರಿಗೆ ತೋರಿಸಿ.

ತಿಗರಿ ಆಗದಿದ್ದರೆ

ತಿಗರಿಗೆ ಕೂರಲಾಗದವರು ಕುಂಬಾರಿಕೆಯನ್ನೇ ಬಿಡಬೇಕಾಗಿಲ್ಲ. ತಿಗರಿಗಿಂತ ಕೈ ಹಳೆಯದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಉತ್ಖನನ ನಡೆಸಿದಾಗ, ನಯಗೊಳಿಸಿದ ಕಲ್ಲುಕೊಡಲಿಗಳಿದ್ದ ಕೆಳಪದರಗಳಲ್ಲಿ ಕೈಯಿಂದಲೇ ಮಾಡಿದ ಮಡಕೆಗಳ ಚೂರುಗಳು ಸಿಕ್ಕವು. ಆ ಜನ ಮಾಡಿದ ಕೆಲಸವನ್ನು ಇಂದು ಕುರ್ಚಿಯ ಮೇಲೆ ಕುಳಿತು ಮಾಡಬಹುದು. ಮಣ್ಣಿನ ಉಂಡೆಯ ನಡುವೆ ಹೆಬ್ಬೆರಳು ಊರಿ ತಿರುಗಿಸುತ್ತ ಬಟ್ಟಲು ಮಾಡುವುದು ಒಂದು ವಿಧಾನ. ಮಣ್ಣನ್ನು ಹಗ್ಗದಂತೆ ಹೊಸೆದು ಒಂದರ ಮೇಲೊಂದು ಸುತ್ತಿ, ಬೆಸುಗೆಯನ್ನು ಬೆರಳಿನಿಂದ ತೀಡಿ ಕುಂಡ ಎಬ್ಬಿಸುವುದು ಇನ್ನೊಂದು. ಲಟ್ಟಣಿಗೆಯಿಂದ ಹಾಳೆ ಲಟ್ಟಿಸಿ ತಟ್ಟೆ ಮಾಡುವುದು ಮತ್ತೊಂದು. ಹಣತೆ, ಹಕ್ಕಿಗೆ ನೀರಿಡುವ ತಟ್ಟೆ, ಗಿಡದ ಕುಂಡ, ಚೌತಿಯ ಗಣಪ ಎಲ್ಲವೂ ಹೀಗೆ ಆಗುತ್ತವೆ. ಗಣಪನನ್ನು ಸುಡಬೇಕಾಗಿಲ್ಲ; ಹಸಿ ಮಣ್ಣಿನದು ನೀರಿನಲ್ಲಿ ಸುಲಭವಾಗಿ ಕರಗುತ್ತದೆ.

ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಕೈಬೆರಳುಗಳ ವ್ಯಾಯಾಮಕ್ಕೆ ಮೆತ್ತನೆಯ ಮಣ್ಣಿನಂಥ ವಸ್ತುವನ್ನು ಹಿಸುಕುವುದು, ಉರುಳಿಸುವುದು, ಚಿವುಟುವುದು ಇವುಗಳನ್ನು ಚಿಕಿತ್ಸಕರು ಹೇಳಿಕೊಡುತ್ತಾರೆ. ಇದು ರೋಗವನ್ನು ವಾಸಿ ಮಾಡುವ ಔಷಧಿಯಲ್ಲ. ದಿನವೂ ಮಾಡಬೇಕಾದ ವ್ಯಾಯಾಮ ಬೇಸರವಾಗದಂತೆ ನೋಡಿಕೊಳ್ಳುವ ಒಂದು ದಾರಿ ಅಷ್ಟೆ. ಆಸ್ಪತ್ರೆಯಲ್ಲಿ ಇರುವಾಗ, ಕೈಗೆ ಸಲೈನ್ ಸೂಜಿ ಹಾಕಿರುವಾಗ, ಶಸ್ತ್ರಚಿಕಿತ್ಸೆಯ ಗಾಯ ಹಸಿಯಾಗಿರುವಾಗ ಮಣ್ಣು ಮುಟ್ಟಬಾರದು. ಮನೆಗೆ ಹೋದ ಮೇಲೂ ಗಾಯ ಪೂರ್ತಿ ಮಾಯುವವರೆಗೆ ಚಪಾತಿ ಹಿಟ್ಟಿನಲ್ಲಿ ಅಭ್ಯಾಸ ಮಾಡಬಹುದು. ಅದಕ್ಕೂ ಮುಂಚೆ ಫಿಜಿಯೋಥೆರಪಿಸ್ಟರನ್ನು ಕೇಳಿ.

ಒಣಗಿಸುವುದು ಮತ್ತು ಸುಡುವುದು

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂಬ ಗಾದೆಯ ಜೊತೆಗೆ ಇನ್ನೊಂದನ್ನೂ ಸೇರಿಸಬಹುದು: ಆತುರಕ್ಕೂ ನಿಮಿಷವೇ ಸಾಕು. ಹಸಿ ಮಡಕೆ ಒಣಗುವಾಗ ಸುಮಾರು ಹತ್ತನೇ ಒಂದು ಭಾಗದಷ್ಟು ಕುಗ್ಗಬಹುದು. ಅಂಚು ಬೇಗ ಒಣಗಿ ತಳ ಹಸಿಯಾಗಿದ್ದರೆ ಎರಡೂ ಬೇರೆ ಬೇರೆ ವೇಗದಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಬಿಸಿಲಿಗಿಡದೆ ನೆರಳಿನಲ್ಲಿ, ಬಟ್ಟೆ ಮುಚ್ಚಿ, ನಿಧಾನವಾಗಿ ಒಣಗಿಸಬೇಕು.

ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುತ್ತದೆ. ಆವಿಗೆಯ ಶಾಖ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಆ ನೀರು ಆವಿಯಾಗುತ್ತದೆ. ನೀರು ಆವಿಯಾದಾಗ ಸಾವಿರದ ಆರುನೂರು ಪಟ್ಟಿನಷ್ಟು ಜಾಗ ಬೇಡುತ್ತದೆ. ಹೊರಗೆ ದಾರಿ ಇಲ್ಲದಿದ್ದರೆ ಮಡಕೆ ಸಿಡಿಯುತ್ತದೆ. ಆದ್ದರಿಂದಲೇ ಹಿರಿಯರು ಮೊದಲು ಸಣ್ಣ ಉರಿ ಕೊಟ್ಟು ತಾಸುಗಟ್ಟಲೆ ಕಾಯುತ್ತಿದ್ದರು. ಶಾಖ ಸುಮಾರು 600 ಡಿಗ್ರಿ ದಾಟಿದ ಮೇಲೆ ಮಣ್ಣು ಮತ್ತೆ ನೆನೆಸಿದರೂ ಕರಗದ ವಸ್ತುವಾಗುತ್ತದೆ. ಅದಕ್ಕೂ ಮೊದಲು ಕೆಟ್ಟದ್ದೆಲ್ಲವನ್ನೂ ನೀರಿಗೆ ಹಾಕಿ ಮತ್ತೆ ಮಣ್ಣಾಗಿ ಬಳಸಬಹುದು. ಕುಂಬಾರಿಕೆಯಲ್ಲಿ ಸೋತ ಕೆಲಸ ವ್ಯರ್ಥವಾಗುವುದು ಬೆಂಕಿಯ ನಂತರವೇ ಹೊರತು ಮುಂಚೆ ಅಲ್ಲ. ಹೊಸದಾಗಿ ಮರಳಿ ಬಂದವರು ಮೊದಲ ಒಂದೆರಡು ತಿಂಗಳು ಏನನ್ನೂ ಸುಡದೆ ಬರೀ ಮಾಡಿ ಮುರಿಯುವುದರಲ್ಲಿ ತಪ್ಪೇನಿಲ್ಲ.

ಬೆಂದ ಮಡಕೆಯನ್ನು ಬೆರಳಿನಿಂದ ತಟ್ಟಿ ನೋಡುವುದು ಎಲ್ಲರಿಗೂ ಗೊತ್ತು. ಕಣ್‌ ಎಂದು ನಾದ ಬಂದರೆ ಗಟ್ಟಿ, ಬೊದ್ದು ಸದ್ದು ಬಂದರೆ ಎಲ್ಲೋ ಬಿರುಕಿದೆ. ಕುಂಬಾರ ಗುಂಡಯ್ಯನವರ ಕಥೆಯಲ್ಲಿಯೂ ಈ ಮಡಕೆಯ ನಾದವೇ ಇದೆ. ಅವರು ತಾವು ಮಾಡಿದ ಮಡಕೆಯನ್ನು ಬಾರಿಸುತ್ತ ಮೈಮರೆತಾಗ ಶಿವನೇ ಬಂದು ಕುಣಿದನೆಂದು ಹರಿಹರ ಕವಿಯ ರಗಳೆ ಹೇಳುತ್ತದೆ. ಗುಂಡಯ್ಯನವರು ಕೆಲಸ ಬಿಟ್ಟು ಬೇರೆಡೆ ಹೋಗಲಿಲ್ಲ. ಕೆಲಸದ ನಡುವೆಯೇ ಅವರಿಗೆ ಆ ಆನಂದ ಸಿಕ್ಕಿತು.

ಸುಡುವ ಕೆಲಸವನ್ನು ನೀವೇ ಮಾಡಬೇಕೆಂದಿಲ್ಲ. ಊರಿನಲ್ಲಿ ಆವಿಗೆ ಹಾಕುವವರಿದ್ದರೆ ಅವರಿಗೆ ಕೂಲಿ ಕೊಟ್ಟು ನಿಮ್ಮ ನಾಲ್ಕು ಮಡಕೆ ಸೇರಿಸಲು ಕೇಳಿ. ಇದರಿಂದ ಕಸುಬನ್ನು ಇನ್ನೂ ನಂಬಿರುವ ಒಂದು ಕುಟುಂಬಕ್ಕೂ ಸಹಾಯವಾಗುತ್ತದೆ. ಬೆಳಗಾವಿ ಜಿಲ್ಲೆಯ ಖಾನಾಪುರದಂಥ, ಜೇಡಿಮಣ್ಣಿನ ಕೆಲಸಕ್ಕೆ ಹೆಸರಾದ ಊರುಗಳ ಸುತ್ತ ಇರುವವರು ಅಲ್ಲಿನ ಅನುಭವಿಗಳನ್ನು ಕಂಡು ಮಾತನಾಡಬಹುದು.

ದೂಳು, ಹೊಗೆ, ಸೀಸ: ಮೂರು ಅಪಾಯಗಳು

ಹಸಿ ಮಣ್ಣಿನಿಂದ ಶ್ವಾಸಕೋಶಕ್ಕೆ ತೊಂದರೆ ಇಲ್ಲ. ತೊಂದರೆ ಇರುವುದು ಒಣಗಿದ ಮಣ್ಣಿನ ದೂಳಿನಲ್ಲಿ. ಅದರಲ್ಲಿ ಸಿಲಿಕಾ ಎಂಬ ಅಂಶವಿರುತ್ತದೆ. ಕೂದಲೆಳೆಯ ದಪ್ಪದ ಹತ್ತನೇ ಒಂದು ಭಾಗಕ್ಕಿಂತ ಸಣ್ಣದಾದ ಈ ಕಣಗಳು ಕಣ್ಣಿಗೆ ಕಾಣದೆ ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿ ಗಾಯದ ಕಲೆಯಂಥ ಗಂಟುಗಳನ್ನು ಉಂಟುಮಾಡುತ್ತವೆ. ವರ್ಷಗಟ್ಟಲೆ ದೂಳು ಕುಡಿದವರಿಗೆ ಬರುವ ಈ ಕಾಯಿಲೆಗೆ ಸಿಲಿಕೋಸಿಸ್ ಎನ್ನುತ್ತಾರೆ. ಗಾಯಗೊಂಡ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ. ಈ ಕಾಯಿಲೆ ಇದ್ದವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು. ತಡೆಯುವುದು ಮಾತ್ರ ಬಹಳ ಸುಲಭ. ನೆಲವನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಒಣ ಮಣ್ಣನ್ನು ಕುಟ್ಟುವುದಾಗಲಿ, ಒಣ ಮಡಕೆಯನ್ನು ಉಜ್ಜಿ ನಯ ಮಾಡುವುದಾಗಲಿ ಮಾಡಬೇಡಿ. ಒದ್ದೆ ಬಟ್ಟೆಯಿಂದ ತೀಡಿ. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಇಷ್ಟು ಸಣ್ಣ ಕಣ ನಿಲ್ಲುವುದಿಲ್ಲ. ಅನಿವಾರ್ಯವಾದಾಗ ಎನ್ 95 ಮಾಸ್ಕ್ ಸರಿಯಾಗಿ ಹಾಕಿಕೊಳ್ಳಿ. ಕೆಲಸದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.

ಆವಿಗೆಯ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲ ಇರುತ್ತದೆ. ಮುಚ್ಚಿದ ಕೋಣೆಯಲ್ಲಿ, ಗಾಳಿಯಾಡದ ಷೆಡ್ಡಿನಲ್ಲಿ ಎಂದೂ ಸುಡಬಾರದು. ಟೈರು, ಪ್ಲಾಸ್ಟಿಕ್ ಉರುವಲು ಹಾಕಬಾರದು. ಉಬ್ಬಸ, ದಮ್ಮು ಇದ್ದವರು ಆವಿಗೆಯ ಹತ್ತಿರ ನಿಲ್ಲದಿರುವುದೇ ಲೇಸು.

ಮಡಕೆಗೆ ಹೊಳಪು ಕೊಡುವ ಕೆಲವು ಲೇಪಗಳಲ್ಲಿ ಸೀಸ ಇರುತ್ತದೆ. ಹುಣಸೆಹುಳಿ, ಮಜ್ಜಿಗೆ, ಉಪ್ಪಿನಕಾಯಿಯಂಥ ಹುಳಿ ಪದಾರ್ಥಗಳನ್ನು ಅಂಥ ಪಾತ್ರೆಯಲ್ಲಿಟ್ಟರೆ ಸೀಸ ಆಹಾರಕ್ಕೆ ಇಳಿಯುತ್ತದೆ. ಚಿಕ್ಕ ಮಕ್ಕಳ ಮಿದುಳಿನ ಬೆಳವಣಿಗೆಗೆ ಇದು ಬಹಳ ಕೆಡುಕು. ಲೇಪದಲ್ಲಿ ಏನಿದೆ ಎಂದು ಖಚಿತವಿಲ್ಲದಿದ್ದರೆ ಅದನ್ನು ಊಟದ ಪಾತ್ರೆಗೆ ಬಳಸಬೇಡಿ. ಲೇಪವಿಲ್ಲದ ನಮ್ಮ ಸಾದಾ ಕೆಂಪು ಗಡಿಗೆಗೆ ಈ ಭಯವಿಲ್ಲ. ಅದರ ಸಣ್ಣ ರಂಧ್ರಗಳ ಮೂಲಕ ನೀರು ಹೊರಗೆ ಜಿನುಗಿ ಆರುವಾಗ ಶಾಖವನ್ನು ಹೀರಿಕೊಳ್ಳುವುದರಿಂದಲೇ ಒಳಗಿನ ನೀರು ತಣ್ಣಗಿರುತ್ತದೆ.

ಯಾರು ಮೊದಲು ವೈದ್ಯರನ್ನು ಕೇಳಬೇಕು?

ಹೃದಯಾಘಾತವಾದವರು, ಹೃದಯದ ಶಸ್ತ್ರಚಿಕಿತ್ಸೆ ಆದವರು. ಹತೋಟಿಗೆ ಬಾರದ ರಕ್ತದೊತ್ತಡ ಇರುವವರು. ಉಬ್ಬಸ ಅಥವಾ ಹಳೆಯ ಕ್ಷಯದಿಂದ ಶ್ವಾಸಕೋಶ ದುರ್ಬಲವಾದವರು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿ ಕೆಲವೇ ವಾರ ಕಳೆದವರು. ಕೈಕಾಲುಗಳಲ್ಲಿ ಸ್ಪರ್ಶಜ್ಞಾನ ಕಡಿಮೆಯಾದ ಸಕ್ಕರೆ ಕಾಯಿಲೆಯವರು. ಇವರೆಲ್ಲರೂ ಮುಂದಿನ ತಪಾಸಣೆಗೆ ಬಂದಾಗ "ನಾನು ಮಣ್ಣಿನ ಕೆಲಸ ಮಾಡಬೇಕೆಂದಿದ್ದೇನೆ" ಎಂದು ಸ್ಪಷ್ಟವಾಗಿ ಹೇಳಿ ಕೇಳಬೇಕು. ಎಷ್ಟೋ ಸಲ ಉತ್ತರ "ಬೇಡ" ಎಂದಿರುವುದಿಲ್ಲ, "ಹೀಗೆ ಮಾಡಿ" ಎಂದಿರುತ್ತದೆ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಕೆಲಸದ ಸಂಭ್ರಮದಲ್ಲಿ ಊಟದ ಹೊತ್ತು ಮೀರಿಸಬಾರದು. ಬೆವರು, ನಡುಕ, ತಲೆಸುತ್ತು ಕಂಡರೆ ಕೂಡಲೇ ಸಕ್ಕರೆ ಅಥವಾ ಬೆಲ್ಲ ತಿನ್ನಬೇಕು. ಮಣ್ಣಿನಲ್ಲಿ ಕೆಲಸ ಮಾಡುವ ಎಲ್ಲರೂ ಧನುರ್ವಾಯು ಲಸಿಕೆ ಹಾಕಿಸಿಕೊಂಡಿರುವುದು ಕ್ಷೇಮ. ಕೆಲಸ ಮುಗಿದ ಮೇಲೆ ಕೈ ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಸವರಿ. ಇಲ್ಲದಿದ್ದರೆ ಚರ್ಮ ಬಿರಿಯುತ್ತದೆ.

ಇನ್ನೊಂದು ಮಾತು. ಎರಡು ವಾರಕ್ಕೂ ಮೀರಿ ಮನಸ್ಸು ಕುಗ್ಗಿದ್ದರೆ, ಹಸಿವು ನಿದ್ದೆ ಕೆಟ್ಟಿದ್ದರೆ, ಬದುಕು ಸಾಕೆನಿಸುತ್ತಿದ್ದರೆ ಅದಕ್ಕೆ ಹವ್ಯಾಸವೊಂದೇ ಮದ್ದಲ್ಲ. ಅದು ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ. ಸಂಕೋಚ ಬಿಟ್ಟು ಬೇಗನೆ ವೈದ್ಯರಿಗೆ ತಿಳಿಸಿ.

ಮನೆಯವರಿಗೆ ನಾಲ್ಕು ಮಾತು

"ಈ ವಯಸ್ಸಿನಲ್ಲಿ ಮಣ್ಣಾಟ ಯಾಕೆ? ನಾವು ಊಟಕ್ಕೆ ಕಡಿಮೆ ಮಾಡಿದ್ದೇವೆಯೇ? ನೋಡಿದವರು ಏನೆಂದಾರು?" ಇಂಥ ಮಾತುಗಳನ್ನು ಪ್ರೀತಿಯಿಂದಲೇ ಆಡುತ್ತಾರೆ. ಕೇಳುವವರಿಗೆ ಮಾತ್ರ ಅದು ಬಾಗಿಲು ಹಾಕಿದಂತೆ ಆಗುತ್ತದೆ. ಹಿತ್ತಿಲಿನಲ್ಲೋ ಜಗುಲಿಯಲ್ಲೋ ಗಾಳಿಬೆಳಕಿರುವ ಒಂದು ಮೂಲೆ, ಒಂದು ಬಕೆಟ್ ನೀರು, ಭಾರ ಎತ್ತಲು ಒಂದು ಕೈ ಇಷ್ಟು ಕೊಟ್ಟರೆ ಸಾಕು. ನೆಲದ ಮೇಲೆ ಚೆಲ್ಲಿದ ಕೆಸರು ನೀರನ್ನು ಕೂಡಲೇ ಒರೆಸಿ; ವಯಸ್ಸಾದವರು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಚೇತರಿಸಿಕೊಳ್ಳಲು ಬಹಳ ಕಾಲ ಹಿಡಿಯುತ್ತದೆ. ಅವರು ಮಾಡಿದ ಮೊದಲ ಸೊಟ್ಟ ಕುಡಿಕೆಯನ್ನು ನೋಡಿ ನಗಬೇಡಿ. ಅದರಲ್ಲಿ ಉಪ್ಪು ಹಾಕಿ ಅಡುಗೆಮನೆಯಲ್ಲಿಡಿ.

ಮೊಮ್ಮಕ್ಕಳಿದ್ದರೆ ಪಕ್ಕದಲ್ಲಿ ಕೂರಿಸಿ. ತಲೆಮಾರು ಬಿಟ್ಟ ಕೆಲಸ ಪುಸ್ತಕದಿಂದ ಬರುವುದಿಲ್ಲ. ತಂದೆಯಿಂದ ತಾತ ಕಲಿತದ್ದು ಮೊಮ್ಮಗಳಿಗೆ ತಲುಪಬೇಕಾದರೆ ತಾತನ ಕೈ ಇನ್ನೂ ಆಡುತ್ತಿರುವಾಗಲೇ ತಲುಪಬೇಕು. ಆ ಮಗು ಮುಂದೆ ಕುಂಬಾರಿಕೆಯನ್ನೇ ಮಾಡಬೇಕೆಂದೇನೂ ಇಲ್ಲ. ಮಣ್ಣಿನ ಹದ ಹೇಗಿರುತ್ತದೆ ಎಂದು ಅದರ ಬೆರಳಿಗೆ ಒಮ್ಮೆ ತಿಳಿದರೆ ಆಯಿತು.

ತಡವಾಯಿತೇ?

ಅಮೆರಿಕದ ಬಿಯಾಟ್ರಿಸ್ ವುಡ್ ಎಂಬ ಮಹಿಳೆ 1893ರಲ್ಲಿ ಹುಟ್ಟಿದವರು. ಕುಂಬಾರಿಕೆ ಕಲಿಯಲು ತರಗತಿಗೆ ಸೇರಿದಾಗ ಅವರಿಗೆ ಸುಮಾರು ನಲವತ್ತು ವರ್ಷ. ನಂತರ ಹೆಸರಾಂತ ಕಲಾವಿದೆಯಾಗಿ ನೂರು ವರ್ಷ ದಾಟಿದ ಮೇಲೂ ಮಣ್ಣಿನ ಕೆಲಸ ಮಾಡುತ್ತಿದ್ದರು. 1998ರಲ್ಲಿ ತೀರಿಕೊಂಡಾಗ ಅವರಿಗೆ 105 ವರ್ಷ. ಮಣ್ಣು ಮುಟ್ಟಿದವರೆಲ್ಲ ನೂರು ವರ್ಷ ಬಾಳುತ್ತಾರೆ ಎಂದು ಇದರ ಅರ್ಥವಲ್ಲ. ಅರವತ್ತಕ್ಕೆ ಶುರು ಮಾಡಿದರೆ ಕೈಗೆ ಇನ್ನೂ ಬೇಕಾದಷ್ಟು ಕಾಲವಿದೆ ಎಂದಷ್ಟೇ ಅರ್ಥ.

ಮರಳಿ ಬಂದ ಕುಂಬಾರನಿಗೆ ಸಿಗುವುದು ಹಣವಲ್ಲ. ಇಂದು ನೆನೆಹಾಕಿದ ಮಣ್ಣು ನಾಳೆ ನಾದಬೇಕು, ನಾಡಿದ್ದು ತಿರುವಬೇಕು, ಮುಂದಿನ ವಾರ ನೆರಳಿನಿಂದ ತೆಗೆಯಬೇಕು. ಹೀಗೆ ನಾಳೆ ಎಂಬುದಕ್ಕೆ ಒಂದು ಕೆಲಸ ಹುಟ್ಟುತ್ತದೆ. ಖಾಲಿ ದಿನಗಳಿಂದ ಬಳಲಿದವರಿಗೆ ಇದು ಸಣ್ಣ ವಿಷಯವಲ್ಲ. ಕೈ ಕೇಳಿದಷ್ಟು ಕೊಡದೆ, ಮೈ ತಾಳುವಷ್ಟು ಕೊಡಿ. ಆಸ್ಪತ್ರೆಯಿಂದ ಮನೆಗೆ ಹೋದವರು ಮೊದಲು ಚೆನ್ನಾಗಿ ಚೇತರಿಸಿಕೊಳ್ಳಿ, ಔಷಧಿ ತಪ್ಪಿಸಬೇಡಿ. ಅನಂತರ ವೈದ್ಯರ ಒಪ್ಪಿಗೆ ಪಡೆದು ಒಂದು ಹಿಡಿ ಜೇಡಿಮಣ್ಣನ್ನು ನೆನೆಹಾಕಿ, ಒಂದು ಹಣತೆಯಿಂದ ಪ್ರಾರಂಭಿಸಿ.